ಆಗೂದಿಲ್ಲ ಅಂದ ಮಿಸ್ತ್ರಿ

ವಿಜಯಪುರದ ಹಳೇ ಓಣಿಯೊಂದರಲ್ಲಿ ಚನಮಲ್ಲಪ್ಪ ಎಂಬ ಒಣದ್ರಾಕ್ಷಿ ವ್ಯಾಪಾರಿ ಇದ್ದ. ಕೆಟ್ಟವನಲ್ಲ. ಕೈ ದೊಡ್ಡದು, ಮನಸ್ಸೂ ದೊಡ್ಡದು. ಆದರೆ ಅವನ ಕಿವಿಗೊಂದು ರೋಗವಿತ್ತು. 'ಹೂಂ' ಎಂದು ಯಾರಾದರೂ ಪಿಸುಗುಟ್ಟಿದರೂ ಅದಕ್ಕೆ ಕೇಳಿಸುತ್ತಿತ್ತು. 'ಆಗೂದಿಲ್ಲ' ಎಂದು ಎದುರಿಗೆ ನಿಂತು ಹೇಳಿದರೆ ಮಾತ್ರ ಬೈಗುಳ ಕೇಳಿದಷ್ಟು ಸಿಟ್ಟು ಬರುತ್ತಿತ್ತು. ಹೆಂಡತಿ ನೀಲವ್ವನಿಗೆ ಇದು ಗೊತ್ತಿತ್ತು. ಏಳು ವರ್ಷದ ಮಗಳು ಮುಕ್ತಾಗೂ ಗೊತ್ತಿತ್ತು. ಅಪ್ಪನಿಗೆ ಆ ಮಗಳೆಂದರೆ ಪ್ರಾಣ.

ವಿಜಯಪುರದ ಬೇಸಿಗೆ ನಿಮಗೆ ಗೊತ್ತೇ ಇದೆ. ಚನಮಲ್ಲಪ್ಪ ಆ ವರ್ಷ ಪಡಸಾಲೆಗೆ ಏಸಿ ಹಾಕಿಸಿದ. ತಂಪು ಸೋರಿ ಹೋಗಬಾರದೆಂದು ಹಳೇ ಮನೆಯ ಬೆಳಕಿಂಡಿಗಳಿಗೆಲ್ಲ ಥರ್ಮಾಕೋಲು ತುರುಕಿಸಿದ. ಬೇಸಿಗೆ ಸುಖವಾಗಿ ಕಳೆಯಿತು. ಕಾರ್ತಿಕ ಮುಗಿದು ಥಂಡಿ ಬಿತ್ತು. ಈಗ ಬಿಸಿನೀರು ಬೇಕಾಯಿತು. ಕರೆಂಟು ಬೇಕಾದಾಗ ಇರುವುದಿಲ್ಲ, ಗ್ಯಾಸ್ ಗೀಸರೇ ಸರಿ ಎಂದು ನಿರ್ಧರಿಸಿ ಓಣಿಯ ಮೌನಪ್ಪನನ್ನು ಕರೆಸಿದ.

ಮೌನಪ್ಪ ಕಂಬಾರರವನು. ಅವನ ಅಪ್ಪ ಕುಲುಮೆ ಊದಿದ್ದ. ಇವನು ತಗಡಿನ ಕೂಲರ್ ಮಾಡುತ್ತ ಮಾಡುತ್ತ ಏಸಿ, ಗೀಸರ್ ಕೆಲಸವನ್ನೂ ಕಲಿತಿದ್ದ. ಮಾತು ಕಡಿಮೆ, ಆಡಿದ ಮಾತು ಒರಟು. ಬಚ್ಚಲಮನೆಗೆ ಬಂದವನು ನಾಲ್ಕೂ ಗೋಡೆ ನೋಡಿದ, ಕತ್ತೆತ್ತಿ ಪಡಸಾಲೆಯ ಕಡೆಗಿದ್ದ ಮುಚ್ಚಿದ ಬೆಳಕಿಂಡಿ ನೋಡಿದ, ತಲೆ ಅಲ್ಲಾಡಿಸಿದ.

"ಇಲ್ಲಿ ಆಗೂದಿಲ್ರಿ ಸಾವ್ಕಾರ್ರ."

"ಯಾಕ ಆಗೂದಿಲ್ಲ?"

"ಹೊರಗಿನ ಗೋಡಿಗೆ ಒಂದ ಗೇಣ ಅಗಲ ಕಂಡಿ ಹೊಡಸ್ರಿ, ಕೂಡಸ್ತೀನಿ. ಬೆಂಕಿಗೂ ಉಸಿರ ಬೇಕ್ರಿ. ಹೊರಗಿನ ಗಾಳಿ ಸಿಗಲಿಲ್ಲಂದ್ರ ಅದು ಮನ್ಯಾಗಿನವ್ರ ಉಸಿರ ತಗೋತೈತಿ."

ಚನಮಲ್ಲಪ್ಪನ ಮುಖ ಸಣ್ಣದಾಯಿತು. ಅದು ನೈಋತ್ಯದ ಗೋಡೆ. ಅದಕ್ಕೆ ಕಂಡಿ ಬಿದ್ದರೆ ಮನೆಯ ಲಕ್ಷ್ಮಿ ಹೊರಗೆ ಹೋಗುತ್ತಾಳೆ ಎಂದು ಅವನ ವಾಸ್ತು ಪಂಡಿತರು ಮನೆ ಕೊಳ್ಳುವಾಗಲೇ ಹೇಳಿದ್ದರು. "ಆ ಗೋಡಿ ಮುಟ್ಟಂಗಿಲ್ಲ. ಬ್ಯಾರೆ ದಾರಿ ಹೇಳು" ಎಂದ.

"ಬ್ಯಾರೆ ದಾರಿ ಅಂದ್ರ ಒಲಿ ಮ್ಯಾಲ ನೀರ ಕಾಸ್ಕೋರಿ" ಎಂದು ಮೌನಪ್ಪ ಚೀಲ ಹೆಗಲಿಗೆ ಹಾಕಿಕೊಂಡ. ನೀಲವ್ವ ಚಹಾ ತಂದಿದ್ದಳು. ಕೆಲಸ ಮಾಡದ ಮನೆಯಲ್ಲಿ ಚಹಾ ಕುಡಿಯುವುದು ಅವನ ರೂಢಿಯಲ್ಲ. ಕೈಮುಗಿದು ಹೋಗಿಬಿಟ್ಟ.

ಮರುದಿನ ಚನಮಲ್ಲಪ್ಪ ಮೊಬೈಲಿನಲ್ಲಿ ಬಂದ ಜಾಹೀರಾತು ನೋಡಿ ಫೋನ್ ಮಾಡಿದ. ಇಸ್ತ್ರಿ ಅಂಗಿ ತೊಟ್ಟ ಒಬ್ಬ ಬಂದ. ಗೋಡೆ ನೋಡಲಿಲ್ಲ, ಚನಮಲ್ಲಪ್ಪನ ಮುಖ ನೋಡಿದ. "ಕಂಡಿ ಯಾಕ್ರಿ ಸರ್? ಏನೂ ಬ್ಯಾಡ. ಆಗ್ತದ, ಅರ್ಧ ತಾಸಿನ ಕೆಲಸ" ಎಂದ. ಅರ್ಧ ತಾಸಿನಲ್ಲಿ ಗೀಸರ್ ಕೂಡಿಸಿಯೂಬಿಟ್ಟ. ನಲ್ಲಿ ತಿರುಗಿಸಿದರೆ ಒಳಗೆ ನೀಲಿ ಬೆಂಕಿ ಹೊತ್ತಿ ನೀರು ಹೊಗೆಯಾಡುತ್ತ ಬಂತು. ಕೆಲಸ ಅಂದರೆ ಹೀಗಿರಬೇಕು ಎಂದು ಚನಮಲ್ಲಪ್ಪ ಓಣಿಗೆಲ್ಲ ಕೇಳುವಂತೆ ಹೇಳಿದ. ಮೌನಪ್ಪನ ಅಂಗಡಿಗೂ ಕೇಳಲಿ ಎಂಬ ಆಸೆ ಇತ್ತು.

ಎಂಟು ದಿನ ಏನೂ ಇಲ್ಲ.

ಒಂಬತ್ತನೆಯ ದಿನ ಬೆಳಿಗ್ಗೆ ಮುಕ್ತಾ ಜಳಕ ಮುಗಿಸಿ ಬಂದು, ಒದ್ದೆ ಕೂದಲಲ್ಲೇ ಅಪ್ಪನ ಪಕ್ಕ ಕೂತಳು. "ಅಪ್ಪಾ, ಬಚ್ಚಲದಾಗ ಒಬ್ಬ ಮುದುಕಿ ಆಯಿ ಇರ್ತಾಳ" ಎಂದಳು.

"ಯಾವ ಆಯಿ?"

"ಗೊತ್ತಿಲ್ಲ. ಮೂಲ್ಯಾಗ ನಿಂತಿರ್ತಾಳ. ಮಾತಾಡೂದಿಲ್ಲ. ನಂಗ ನಿದ್ದಿ ಬರೂವಂಗ ನೋಡ್ತಾಳ."

ಚನಮಲ್ಲಪ್ಪ ನಕ್ಕ. ಆದರೆ ಎದ್ದು ಹೋಗಿ ಬಚ್ಚಲ ಮೂಲೆ ನೋಡಿ ಬಂದ. ಆ ಮನೆಯನ್ನು ಮಾರಿದವರ ಮುದುಕಿಯೊಬ್ಬಳು ಬಚ್ಚಲ ಪಕ್ಕದ ಕೋಣೆಯಲ್ಲೇ ತೀರಿಕೊಂಡಿದ್ದಳು. ಮಗಳಿಗೆ ಈ ಸಂಗತಿಯನ್ನು ಯಾರೂ ಹೇಳಿರಲಿಲ್ಲ.

ಅಲ್ಲಿಂದ ಮನೆಯ ಹವೆಯೇ ಬದಲಾಯಿತು. ನೀಲವ್ವನಿಗೆ ಬೆಳಗಾದರೆ ತಲೆನೋವು. ಯಾರೋ ಎದೆಯ ಮೇಲೆ ಕೂತಂತಾಗುತ್ತದೆ ಎಂದಳು. ಪಡಸಾಲೆಯಲ್ಲಿ ಕೂತ ಚನಮಲ್ಲಪ್ಪನಿಗೆ ಹಿಂದಿನಿಂದ ಮೆಲ್ಲಗೆ ಕಾಲು ಎಳೆಯುತ್ತ ನಡೆದು ಬರುವ ಸದ್ದು ಕೇಳಿಸುತ್ತಿತ್ತು. ತಿರುಗಿದರೆ ಯಾರೂ ಇಲ್ಲ. ಮುಕ್ತಾ ಸಾಕಿದ್ದ ಎರಡು ಗಿಣಿಗಳು ಒಂದೇ ಮುಂಜಾನೆ ಪಂಜರದ ತಳದಲ್ಲಿ ಕಾಲು ಮೇಲಾಗಿ ಬಿದ್ದಿದ್ದವು. ಮೈಮೇಲೆ ಒಂದೂ ಗಾಯವಿಲ್ಲ.

ಎಲ್ಲಕ್ಕಿಂತ ಅಂಜಿಸಿದ್ದು ಗೀಸರಿನ ಮೇಲಿನ ಗೋಡೆ. ಅಲ್ಲಿ ಒಂದು ಕರಿ ಕಲೆ ಮೂಡಿತು. ನೀಲವ್ವ ಒರೆಸಿದಳು. ಎರಡೇ ದಿನಕ್ಕೆ ಮತ್ತೆ ಬಂತು, ಮೊದಲಿಗಿಂತ ಉದ್ದವಾಗಿ. ಮತ್ತೆ ಒರೆಸಿದಳು, ಮತ್ತೆ ಬಂತು. ಈ ಸಲ ಮೇಲೊಂದು ದುಂಡನೆಯ ತಲೆ, ಕೆಳಗೆ ಬಾಗಿದ ಬೆನ್ನು, ಸೆರಗು ಹೊದ್ದ ಹೆಂಗಸಿನಂತೆಯೇ ಕಾಣಿಸಿತು. ನೀಲಿಯಾಗಿದ್ದ ಬೆಂಕಿ ಈಗ ಹಳದಿಯಾಗಿ ನಾಲಿಗೆ ಚಾಚಿ ಉರಿಯುತ್ತಿತ್ತು. ನೀಲವ್ವ ಒರೆಸುವುದನ್ನು ಬಿಟ್ಟಳು.

ವಿಚಿತ್ರವೆಂದರೆ ಅಂಗಡಿಗೆ ಹೋದರೆ ಚನಮಲ್ಲಪ್ಪನ ತಲೆ ಹಗುರಾಗುತ್ತಿತ್ತು. ಶಾಲೆಗೆ ಹೋದರೆ ಮಗಳು ಗೆಲುವಾಗಿರುತ್ತಿದ್ದಳು. ಮನೆಯೇ ಅವರನ್ನು ಹಿಡಿದಿದೆ ಎಂಬುದರಲ್ಲಿ ಅವನಿಗೆ ಸಂಶಯ ಉಳಿಯಲಿಲ್ಲ. ಪಂಡಿತರನ್ನು ಕರೆಸಿದ.

ಪಂಡಿತರು ಕಲೆ ನೋಡಿ ಕಣ್ಣು ಮುಚ್ಚಿದರು. "ಈ ಮನಿಗೆ ಬಂದು, ನೀರು ಚಹಾ ಮುಟ್ಟದೇ ಹೋದವರು ಯಾರಾದ್ರೂ ಇದ್ದಾರೇನು?" ಎಂದು ಕೇಳಿದರು.

ನೀಲವ್ವ ಬಾಯಿ ತೆರೆಯುವ ಮೊದಲೇ ಚನಮಲ್ಲಪ್ಪ, "ಮೌನಪ್ಪ!" ಎಂದ. ಕೆಲಸ ಕೈತಪ್ಪಿದ ಹೊಟ್ಟೆಕಿಚ್ಚಿಗೆ ಮಾಟ ಮಾಡಿದ್ದಾನೆ ಎಂದು ಅವನಿಗೆ ಅಲ್ಲೇ ಖಾತ್ರಿಯಾಯಿತು. ಮನುಷ್ಯನ ಬುದ್ಧಿ ನೋಡಿ. ನಿಜ ಹೇಳಿದವನ ಮೇಲೆ ಮೊದಲೇ ಸಿಟ್ಟಿದ್ದರೆ, ಸುಳ್ಳಿಗೆ ಸಾಕ್ಷಿ ಬೇಕಾಗುವುದಿಲ್ಲ.

ಪಂಡಿತರು ದಿಗ್ಬಂಧನ ಮಾಡಿದರು. ಉಳಿದಿದ್ದ ಸಣ್ಣ ಸಣ್ಣ ಸಂದುಗಳಿಗೆಲ್ಲ ಅರಿಷಿಣದ ಬಟ್ಟೆ ತುರುಕಿಸಿದರು. ಅಡುಗೆಮನೆಯ ಕಿಟಕಿಗೆ ಮೊಳೆ ಹೊಡೆಸಿದರು. ಬಾಗಿಲುಗಳಿಗೆ ನಿಂಬೆಹಣ್ಣು, ಕರಿದಾರ. "ಭೋಗಿ ದಿನ ತಲಿ ಜಳಕ ಮುಗಿಯೂತನಕ ಹೊರಗಿನ ಗಾಳಿ ಒಳಗ ಬರಬಾರದು. ಅದ ಹೊತ್ತಿಗೆ ನೀವು ಹೋಗಿ, ದೆವ್ವಾ ಬಿಟ್ಟವನ ಕೈಲೇ ವಾಪಸ್ ತಗೋತೀನಿ ಅಂತ ಅನಿಸ್ರಿ" ಎಂದರು.

ಭೋಗಿ ಬಂತು. ಸಂಕ್ರಾಂತಿಯ ಹಿಂದಿನ ದಿನ, ಎಣ್ಣೆ ಹಚ್ಚಿ ತಲೆ ಮೇಲೆ ಕೊಡಗಟ್ಟಲೆ ನೀರು ಸುರಿದುಕೊಳ್ಳುವ ದಿನ. ಚನಮಲ್ಲಪ್ಪ ಮೊದಲು ಜಳಕ ಮಾಡಿದ. ಬರುವಾಗ ಗೋಡೆ ಹಿಡಿದೇ ಬಂದ. ಆಮೇಲೆ ನೀಲವ್ವ ಮಗಳನ್ನು ಕರೆದುಕೊಂಡು ಬಚ್ಚಲಿಗೆ ಹೋದಳು. ಬಾಗಿಲು ಹಾಕುವ ಮುನ್ನ ಮುಕ್ತಾ ಇಣುಕಿ, "ಅಪ್ಪಾ, ಲಗೂನ ಬಾ. ಆಯಿ ಇವತ್ತ ಮುಂದ ಬಂದಾಳ" ಎಂದಳು. ಅವನು ಮಂತ್ರ ಹೇಳಿಕೊಳ್ಳುತ್ತ, ಮುಂಬಾಗಿಲಿಗೆ ಹೊರಗಿನಿಂದ ಕೀಲಿ ಹಾಕಿ, ನೆಟ್ಟಗೆ ಮೌನಪ್ಪನ ಅಂಗಡಿಗೆ ನಡೆದ.

ಮೌನಪ್ಪ ತಗಡು ಬಡಿಯುತ್ತಿದ್ದ.

"ನಿನ್ನ ದೆವ್ವಾ ನೀ ತಿರುಗಿ ತಗೋ! ನಾ ನಿನಗೇನ ಅನ್ಯಾಯ ಮಾಡೀನಿ? ನನ್ನ ಮಗಳ ಮ್ಯಾಲ ಯಾಕ ಬಿಟ್ಟಿ?" ಎಂದು ಚನಮಲ್ಲಪ್ಪ ಕೂಗಿದ. ಕೂಗುತ್ತಲೇ ಅತ್ತ.

ಮೌನಪ್ಪ ಸುತ್ತಿಗೆ ಇಟ್ಟ. ಸಿಟ್ಟಾಗಲಿಲ್ಲ. ಗಿರಾಕಿ ಕೆಟ್ಟ ಕೂಲರ್ ತಂದಾಗ ಕೇಳುವಂತೆ ಒಂದೊಂದೇ ಕೇಳಿದ.

"ಆ ದೆವ್ವ ಯಾವಾಗ ಬರತೈತ್ರಿ?"

"ಜಳಕದ ಹೊತ್ತಿಗೆ."

"ನಿಮ್ಮ ಅಂಗಡಿಗೆ ಬರತೈತೇನು?"

"ಇಲ್ಲ."

"ಬೇಸಿಗ್ಯಾಗ ಬಂದಿತ್ತೇನು?"

"ಇಲ್ಲ. ಗೀಸರ್ ಕೂಡಿಸಿದ ಮ್ಯಾಲ..."

"ಬೆಂಕಿ ನೀಲಿ ಐತೋ, ಹಳದಿ ಐತೋ?"

"ಹಳದಿ."

"ಕಂಡಿ ಹೊಡಿಸೀರೇನು?"

"ಇಲ್ಲ. ಎಲ್ಲಾ ಮುಚ್ಚಿಸೀನಿ. ಕಿಟಕಿಗೂ ಮೊಳಿ ಹೊಡಿಸೀನಿ. ದಿಗ್ಬಂಧನ."

ಮೌನಪ್ಪನ ಮುಖ ಬಿಳುಚಿತು. "ಈಗ ಬಚ್ಚಲದಾಗ ಯಾರ ಅದಾರ?"

ಚನಮಲ್ಲಪ್ಪ ಕೈಯಲ್ಲಿದ್ದ ಕೀಲಿಕೈಯನ್ನು ಮುಂದೆ ಹಿಡಿದ. ಮೌನಪ್ಪ ಅದನ್ನು ಕಿತ್ತುಕೊಂಡು, ಮೂಲೆಯಲ್ಲಿದ್ದ ಹಾರೆ ಹಿಡಿದು, ಚಪ್ಪಲಿ ಇಲ್ಲದೆ ಓಡಿದ.

ಮನೆಯೊಳಗೆ ಸದ್ದಿರಲಿಲ್ಲ. ನೀರು ಸುರಿಯುವ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಚನಮಲ್ಲಪ್ಪ "ಮುಕ್ತಾ" ಎಂದ. "ನೀಲಾ" ಎಂದ. ನೀರು ಸುರಿಯುತ್ತಲೇ ಇತ್ತು. ಮೌನಪ್ಪ ಹಾರೆಯಿಂದ ಬಚ್ಚಲ ಬಾಗಿಲಿನ ಅಗುಳಿ ಎಬ್ಬಿಸಿದ. ಒಳಗೆ ಕೆಟ್ಟ ವಾಸನೆಯಿಲ್ಲ, ಹೊಗೆಯಿಲ್ಲ. ತಾಯಿ ಗೋಡೆಗೆ ಒರಗಿ ಕೂತಿದ್ದಳು, ಮಗಳು ಅವಳ ತೊಡೆಯ ಮೇಲೆ ಮಲಗಿದ್ದಳು. ಇಬ್ಬರ ಕೆನ್ನೆಗಳೂ ಕೆಂಪಗಿದ್ದವು. ಸುಖ ನಿದ್ದೆ ಎಂದೇ ಯಾರಾದರೂ ಹೇಳಬೇಕು. ಮೇಲೆ ಗೋಡೆಯಲ್ಲಿ ಆ ಕರಿ ಹೆಂಗಸು ಅವರ ಮೇಲೆ ಬಾಗಿದ್ದಳು.

ಮೌನಪ್ಪ ಉಸಿರು ಬಿಗಿಹಿಡಿದು ಒಳನುಗ್ಗಿ ಗ್ಯಾಸ್ ಬಂದ್ ಮಾಡಿದ. ಇಬ್ಬರೂ ಸೇರಿ ಅವರನ್ನು ಎತ್ತಿ ಅಂಗಳಕ್ಕೆ ತಂದು ಹಾಕಿದರು. ತಂಪು ಗಾಳಿ ತಾಗಿ ಸ್ವಲ್ಪ ಹೊತ್ತಿಗೆ ನೀಲವ್ವ ನರಳಿದಳು. ಮುಕ್ತಾ ನರಳಲಿಲ್ಲ.

ಎರಡು ದಿನ ಅವಳು ಆಸ್ಪತ್ರೆಯಲ್ಲಿ ಆಮ್ಲಜನಕದ ಮುಖವಾಡದ ಹಿಂದೆ ಮಲಗಿದ್ದಳು. ಎಲ್ಲ ಕಡೆ ಮುಚ್ಚಿದ ಜಾಗದಲ್ಲಿ ಗ್ಯಾಸ್ ಉರಿದರೆ ವಾಸನೆಯಿಲ್ಲದ ವಿಷಗಾಳಿ ಹುಟ್ಟುತ್ತದೆ, ಅದು ಮಿದುಳಿಗೆ ಏರಿ ಇಲ್ಲದ್ದನ್ನು ತೋರಿಸುತ್ತದೆ, ಇಲ್ಲದ ಸದ್ದು ಕೇಳಿಸುತ್ತದೆ ಎಂದು ಡಾಕ್ಟರು ಬಿಡಿಸಿ ಹೇಳಿದರು. ಗೋಡೆಯ ಮೇಲಿನದು ಬರೀ ಮಸಿ. ಮೂರನೆಯ ದಿನ ಮಗಳು ಕಣ್ಣು ಬಿಟ್ಟಳು. "ಅಪ್ಪಾ, ಆಯಿ ಹೋದಳಾ?" ಎಂದಳು. ಚನಮಲ್ಲಪ್ಪ ಆ ಪುಟ್ಟ ಕೈಯನ್ನು ಕಣ್ಣಿಗೊತ್ತಿಕೊಂಡು ಬಿಕ್ಕಿದ. ಆಯಿಯನ್ನು ಕರೆತಂದವನು ತಾನೇ ಎಂದು ಹೇಗೆ ಹೇಳಿಯಾನು?

ಹೊರಗೆ ಬೆಂಚಿನ ಮೇಲೆ ಮೌನಪ್ಪ ಕೂತಿದ್ದ. ಚನಮಲ್ಲಪ್ಪ ಅವನ ಕಾಲು ಹಿಡಿಯಲು ಬಾಗಿದ. ಅವನು ತೋಳು ಹಿಡಿದು ನಿಲ್ಲಿಸಿದ.

"ಅವತ್ತ ಇಷ್ಟ ಬಿಡಿಸಿ ಹೇಳಿದ್ರ ನಾ ಕೇಳ್ತಿದ್ನಲ್ಲೋ ಮೌನಪ್ಪಾ."

"ನಾ ಹೇಳಿದ್ದೆ ಸಾವ್ಕಾರ್ರ. ನೀವು 'ಆಗೂದಿಲ್ಲ' ಅಂಬೂದಷ್ಟ ಕೇಳಿದ್ರಿ. ಮುಂದಿಂದ ಕೇಳಲಿಲ್ಲ."

ಅಂದು ಸಂಜೆಯೇ ಚನಮಲ್ಲಪ್ಪ ಹಾರೆ ಹಿಡಿದು ತನ್ನ ಕೈಯಿಂದಲೇ ನೈಋತ್ಯದ ಗೋಡೆಗೆ ಕಂಡಿ ಹೊಡೆದ. ಅದರಿಂದ ಅವನ ಲಕ್ಷ್ಮಿ ಹೊರಗೆ ಹೋಗಲಿಲ್ಲ. ನಾಲ್ಕು ದಿನಕ್ಕೆ ಮಗಳ ರೂಪದಲ್ಲಿ ಆಸ್ಪತ್ರೆಯಿಂದ ನಡೆದುಕೊಂಡು ಒಳಗೆ ಬಂದಳು. ಬೆಳಕಿಂಡಿಗಳೆಲ್ಲ ತೆರೆದವು. ನೀಲವ್ವ ಬಚ್ಚಲಿಗೆ ಸುಣ್ಣ ಹೊಡೆಯಲು ಹೋದರೆ ಅವನು ಬಿಡಲಿಲ್ಲ. ಆ ಕರಿ ಹೆಂಗಸು ಅಲ್ಲೇ ಇರಲಿ ಎಂದ.

ಮುಂದಿನ ಬೇಸಿಗೆಗೆ ಏಸಿ ನೋಡಲು ಮೌನಪ್ಪ ಊರಲ್ಲಿರಲಿಲ್ಲ. ಬೇರೊಬ್ಬ ಮಿಸ್ತ್ರಿ ಬಂದ. ಚನಮಲ್ಲಪ್ಪ ಅವನನ್ನು ಏಸಿಯ ಹತ್ತಿರ ಬಿಡದೆ ಮೊದಲು ಬಚ್ಚಲಿಗೆ ಕರೆದೊಯ್ದ. "ಈ ಕಂಡಿ ಮುಚ್ಚಿಕೊಡ್ತೀಯೇನು? ಚಂದ ಕಾಣವಲ್ದು" ಎಂದ.

"ಅದೇನ್ ದೊಡ್ಡ ಮಾತ್ರಿ, ನಿಮಿಷದಾಗ ಮುಚ್ತೀನಿ" ಎಂದ ಆ ಮಿಸ್ತ್ರಿ.

ಚನಮಲ್ಲಪ್ಪ ಅವನಿಗೆ ಚಹಾ ಕುಡಿಸಿ, ಕೈಮುಗಿದು, ಬಾಗಿಲವರೆಗೂ ಹೋಗಿ ಕಳಿಸಿ ಬಂದ. ಮೌನಪ್ಪ ಬರುವವರೆಗೆ ಮನೆಯವರೆಲ್ಲ ಬೀಸಣಿಗೆ ಬೀಸಿಕೊಂಡರು.

ನೀತಿ: ಮನೆಗೆ ಬೆಂಕಿ-ಗಾಳಿಯ ಕೆಲಸಕ್ಕೆ ಕರೆಯುವಾಗ, ನಿಮ್ಮ ಮುಖ ನೋಡಿ 'ಹೂಂ' ಎನ್ನುವವನನ್ನಲ್ಲ, ನಿಮ್ಮ ಗೋಡೆ ನೋಡಿ 'ಆಗೂದಿಲ್ಲ' ಎನ್ನಬಲ್ಲವನನ್ನು ಕರೆಯಿರಿ. ಅವನು 'ಆಗೂದಿಲ್ಲ' ಎಂದ ಮೇಲೆ ಸಿಟ್ಟಾಗದೆ, ಮುಂದಿನ ಮಾತನ್ನೂ ಪೂರ್ತಿ ಕೇಳಿರಿ.