ರಾಹೇಲಮ್ಮನಿಗೆ ತೋಡಿದ ಗುಂಡಿ

ಬದುಕಿರುವವರಿಗೆ ಗುಂಡಿ ತೋಡಿ ಬೈಸಿಕೊಂಡವನು ಆ ಹೊಳೆದಂಡೆಯಲ್ಲಿ ಆಮೋಸ ಒಬ್ಬನೇ.

ಆಮೋಸ ಬರ್ನಬಯ್ಯನವರ ಶಿಷ್ಯ. ಹೊಳೆಯ ಪಕ್ಕದಲ್ಲಿ ಅವರದೊಂದು ಆಶ್ರಮ. ಆಶ್ರಮ ಎಂದರೆ ದೊಡ್ಡದೇನೂ ಅಲ್ಲ. ಎರಡು ಹುಲ್ಲಿನ ಮನೆ, ಶಿಲುಬೆ ನೆಟ್ಟ ಒಂದು ಪ್ರಾರ್ಥನೆಯ ಕಟ್ಟೆ, ಹಿಂದುಗಡೆ ಸಮಾಧಿಗಳು. ಸುತ್ತಮುತ್ತಲ ಕ್ರೈಸ್ತ ಸಭೆಯವರಲ್ಲಿ ಯಾರು ತೀರಿಕೊಂಡರೂ ಅಲ್ಲಿಗೇ ತರುತ್ತಿದ್ದರು. ಗುಂಡಿ ತೋಡುವುದು ಶಿಷ್ಯನ ಸೇವೆ.

ಇನ್ನೊಂದು ಸೇವೆಯೂ ಇತ್ತು. ಸಾಯುವವರ ಪಕ್ಕದಲ್ಲಿ ಕೂತು, ಕೈ ಹಿಡಿದು, "ಹೆದರಬೇಡಿ, ಪರಲೋಕದಲ್ಲಿ ನಿಮಗೆ ಜಾಗ ಆಗಿದೆ" ಎಂದು ಹೇಳುವುದು.

ಐದು ವರ್ಷದಿಂದ ಆಮೋಸ ಅದನ್ನು ಹೇಳುತ್ತ ಬಂದಿದ್ದ. ಕೇಳಿದವರು ನೆಮ್ಮದಿಯಾಗಿ ಕಣ್ಣು ಮುಚ್ಚಿದ್ದರು. ಹೇಳಿದವನಿಗೆ ಮಾತ್ರ ನೆಮ್ಮದಿ ಇರಲಿಲ್ಲ. ತನಗೆ ಅಲ್ಲಿ ಜಾಗ ಇದೆಯೋ ಇಲ್ಲವೋ ಅವನಿಗೇ ಗೊತ್ತಿರಲಿಲ್ಲ. ಗುರುಗಳನ್ನು ಕೇಳೋಣವೆಂದರೆ ನಾಚಿಕೆ. ಐದು ವರ್ಷ ಆಶ್ರಮದ ಅನ್ನ ತಿಂದು ಈಗ ಇದನ್ನು ಕೇಳುವುದು ಹೇಗೆ?

ಆ ಚಳಿಗಾಲದಲ್ಲಿ ರಾಹೇಲಮ್ಮ ಎಂಬ ಮುದುಕಿ ಹಾಸಿಗೆ ಹಿಡಿದರು. ಡಾಕ್ಟರು ಬಂದು ನಾಡಿ ನೋಡಿ, "ಇವತ್ತು ದಾಟೋದಿಲ್ಲ" ಎಂದು ಹೇಳಿ ಹೋದರು.

ಸಮಾಧಿಗಳ ಕಡೆ ಮೇಲಿನ ಮಣ್ಣು ಗಟ್ಟಿ. ಬಿಸಿಲೇರಿದರೆ ಹಾರೆ ಇಳಿಯುವುದಿಲ್ಲ. ಹೇಗೂ ಸಾಯುವವರು ತಾನೇ ಎಂದುಕೊಂಡು ಆಮೋಸ ಬೆಳಿಗ್ಗೆಯೇ ಕೈ ಹಚ್ಚಿ, ಮಧ್ಯಾಹ್ನದ ಹೊತ್ತಿಗೆ ಗುಂಡಿ ಮುಗಿಸಿದ.

ಸಂಜೆ ರಾಹೇಲಮ್ಮ ಎದ್ದು ಕೂತು ಗಂಜಿ ಕೇಳಿದರು.

ಮಾರನೆಯ ದಿನ ಸಭೆಯ ಹಿರಿಯರಾದ ಸಾಮ್ವೇಲಪ್ಪ ಹೆಗಲ ಮೇಲೆ ಒಂದು ಬಾಳೆದಿಂಡು ಹೊತ್ತು ಆಶ್ರಮಕ್ಕೆ ಬಂದರು. ಮುಖ ಗಂಟಿಕ್ಕಿಕೊಂಡಿತ್ತು.

"ಅಯ್ಯನೋರೆ, ಬಾಯಿ ತೆಗೆದ ಗುಂಡೀನ ಖಾಲಿ ಬಿಡಬಾರದು. ಈ ದಿಂಡನ್ನ ಅದರೊಳಗೆ ಮಲಗಿಸಿ, ಮೂರು ಹಿಡಿ ಮಣ್ಣು ಹಾಕಿ ಮುಚ್ಚಿಬಿಡಿ. ನಮ್ಮಜ್ಜನ ಕಾಲದಿಂದ ಹಂಗೇ ಮಾಡ್ಕೊಂಡು ಬಂದಿದ್ದೀವಿ."

"ಮುಚ್ಚದಿದ್ರೆ?" ಎಂದರು ಬರ್ನಬಯ್ಯನವರು.

"ಅದೇ ಯಾರನ್ನಾದ್ರೂ ಕರಕೊಳ್ಳುತ್ತೆ."

"ಯಾರನ್ನ?"

ಸಾಮ್ವೇಲಪ್ಪ ಆಮೋಸನ ಕಡೆ ಒಮ್ಮೆ ನೋಡಿ, ನೋಡದವರ ಹಾಗೆ ಮುಖ ತಿರುಗಿಸಿದರು. "ತೋಡಿದವರನ್ನೇ ಅಂತಾರೆ."

ಬರ್ನಬಯ್ಯನವರು ದಿಂಡನ್ನು ಎರಡು ಕೈಯಲ್ಲೂ ಇಸಿದುಕೊಂಡರು. ತೂಗಿ ನೋಡಿದರು. ಉಗುರಿನಿಂದ ಸ್ವಲ್ಪ ಚಿವುಟಿದರು.

"ಎಳೇದಾಗಿದೆ" ಎಂದರು.

ಮಧ್ಯಾಹ್ನ ಊಟಕ್ಕೆ ಬಾಳೆದಿಂಡಿನ ಪಲ್ಯ ಆಗಿತ್ತು. ಗುರುಗಳು ಎರಡು ಸಲ ಬಡಿಸಿಕೊಂಡರು. ಆಮೋಸ ಮಾತ್ರ ತನ್ನ ಪಾಲನ್ನು ಎಲೆಯ ಅಂಚಿಗೆ ಸರಿಸಿದ.

"ಗುಂಡೀನ ಹಾಗೇ ಬಿಡೋದಾ ಅಯ್ಯನೋರೆ?"

"ತೋಡಿದ್ದು ತೋಡಿಯಾಯ್ತು. ಯಾರಿಗಾದ್ರೂ ಬೇಕಾಗುತ್ತೆ. ಪಲ್ಯ ತಿನ್ನು."

ಯಾರಿಗಾದರೂ ಎಂಬ ಮಾತು ಆಮೋಸನ ಹೊಟ್ಟೆಯೊಳಗೆ ಹೋಗಿ ಕೂತಿತು.

ಸಂಜೆ ಅವನು ತಪ್ಪು ಒಪ್ಪಿಕೊಳ್ಳಲು ರಾಹೇಲಮ್ಮನ ಮನೆಗೆ ಹೋದ. ಮುದುಕಿ ಗೋಡೆಗೆ ಒರಗಿಕೊಂಡು ಎಲೆಅಡಿಕೆ ಕುಟ್ಟುತ್ತಿದ್ದರು.

"ತಪ್ಪಾಯ್ತಮ್ಮ, ಕ್ಷಮಿಸಬೇಕು."

"ತಪ್ಪೇನು ಬಂತು ಮಗಾ. ಇವತ್ತಲ್ಲ ನಾಳೆ ಹೋಗೋದೇ. ಅಲ್ಲಿ ಜಾಗ ಆಗಿದೆ ಅಂತ ನೀನೇ ಹೇಳಿದ್ದೆಯಲ್ಲ."

ಆಮೋಸ ತಲೆ ತಗ್ಗಿಸಿದ.

"ಆದ್ರೆ ಅಷ್ಟುದ್ದ ಯಾಕೆ ತೋಡಿದೆ?" ಎಂದು ಮುದುಕಿ ಕುಟ್ಟುವುದನ್ನು ನಿಲ್ಲಿಸಿದರು. "ನನ್ನ ಸೊಸೆ ಹೋಗಿ ನೋಡ್ಕೊಂಡು ಬಂದು ಹೇಳಿದ್ಲು. ನಾನಿರೋದೇ ಇಷ್ಟು. ಅದ್ಯಾರ ಅಳತೆಯಪ್ಪಾ?"

ಅವರು ಬೊಚ್ಚುಬಾಯಿ ಬಿಟ್ಟು ನಕ್ಕರು. ಆಮೋಸನಿಗೆ ನಗು ಬರಲಿಲ್ಲ.

ಹೊತ್ತು ಮುಳುಗುವ ಮೊದಲೇ ಅವನು ಓಡಿ ಬಂದು, ಒಂದು ಬಿದಿರಿನ ಗಳ ಹಿಡಿದು ಗುಂಡಿಯ ಉದ್ದ ಅಳೆದ. ಅದೇ ಗಳವನ್ನು ತನ್ನ ಪಕ್ಕದಲ್ಲಿ ನಿಲ್ಲಿಸಿ ನೋಡಿಕೊಂಡ. ಒಂದು ಬೆರಳು ಹೆಚ್ಚಿಲ್ಲ, ಒಂದು ಬೆರಳು ಕಡಿಮೆ ಇಲ್ಲ. ತೋಡುವಾಗ ಅವನು ಅಳತೆಯನ್ನೇ ಹಿಡಿದಿರಲಿಲ್ಲ. ಕೈಗಳು ತಮ್ಮ ಪಾಡಿಗೆ ತೋಡಿದ್ದವು.

ಮಾರನೆಯ ಬೆಳಗಿನ ಜಾವದ ಮಂಜು ಹೊಳೆಯ ಮೇಲಿಂದ ಎದ್ದು ಸಮಾಧಿಗಳನ್ನೆಲ್ಲ ಮುಚ್ಚಿಕೊಂಡಿತ್ತು. ಆಮೋಸ ನೀರಿಗೆ ಹೊರಟವನು ಗುಂಡಿಯ ಹತ್ತಿರ ಹೋಗಬಾರದೆಂದುಕೊಂಡೇ ಹೋದ. ಬಗ್ಗಿ ನೋಡಿದ.

ಕೆಳಗಿನ ಹಸಿಮಣ್ಣಿನಲ್ಲಿ ಯಾರೋ ಅಂಗಾತ ಮಲಗಿದ್ದ ಗುರುತು. ಹಿಮ್ಮಡಿಯ ಎರಡು ಗುಳಿ, ಮೀನಖಂಡ, ಬೆನ್ನು, ತಲೆ ಇಟ್ಟ ಜಾಗ. ಎಲ್ಲ ಸ್ಪಷ್ಟವಾಗಿ ಒತ್ತಿಕೊಂಡಿದ್ದವು.

ಸುತ್ತ ಗುಡ್ಡೆ ಹಾಕಿದ್ದ ಸಡಿಲ ಮಣ್ಣಿನ ಮೇಲೆ ಅವನದೇ ಹೆಜ್ಜೆಗಳಿದ್ದವು. ಬೇರೆ ಒಂದೂ ಇರಲಿಲ್ಲ.

ಅವನ ಕೈಯಿಂದ ಕೊಡ ಜಾರಿತು.

ಗುರುಗಳೇ ತನ್ನನ್ನು ಪರೀಕ್ಷೆ ಮಾಡಲು ಮಲಗಿದ್ದರೋ ಏನೋ ಎಂದು ಅವನಿಗೆ ಒಂದು ಕ್ಷಣ ಅನ್ನಿಸಿತು. ಆದರೆ ಬರ್ನಬಯ್ಯನವರದು ಗೂನುಬೆನ್ನು. ಅಂಗಾತ ಮಲಗಲು ಅವರಿಂದ ಆಗದು. ಊರವರಂತೂ ಗುಂಡಿ ಇರುವ ದಾರಿಯನ್ನೇ ಬಿಟ್ಟು ಸುತ್ತು ಹಾಕಿಕೊಂಡು ಓಡಾಡುತ್ತಿದ್ದರು.

ಆ ಗುರುತು ಅವನ ಉದ್ದಕ್ಕೇ ಇತ್ತು. ಗುಂಡಿ ತನಗಾಗಿ ಹಾಸಿಗೆ ಹಾಸಿ ಕಾಯುತ್ತಿದೆ ಎಂದು ಆಮೋಸ ತೀರ್ಮಾನಿಸಿಬಿಟ್ಟ. ಉದ್ದನೆಯ ಕೋಲಿಗೆ ಪೊರಕೆ ಕಟ್ಟಿ, ಮೇಲೆ ನಿಂತುಕೊಂಡೇ ಆ ಗುರುತನ್ನು ಅಳಿಸಿಹಾಕಿದ. ಯಾರಿಗೂ ಹೇಳಲಿಲ್ಲ.

ಮರುದಿನ ಬೆಳಿಗ್ಗೆ ಗುರುತು ಮತ್ತೆ ಮೂಡಿತ್ತು.

ಅವತ್ತು ಆಶ್ರಮದ ನಾಯಿ ಕರಿಯನೂ ಅಲ್ಲಿತ್ತು. ಅಪರಿಚಿತರು ಹೊಳೆಯ ಆಚೆ ದಡದಲ್ಲಿ ಕಂಡರೂ ಬೊಗಳಿ ರಂಪ ಮಾಡುವ ನಾಯಿ ಅದು. ಈಗ ಗುಂಡಿಯ ಅಂಚಿನಲ್ಲಿ ಕೂತು ಒಳಗೆ ನೋಡುತ್ತ ಮೆಲ್ಲಗೆ ಬಾಲ ಆಡಿಸುತ್ತಿತ್ತು.

"ಕರಿಯಾ, ಬಾ ಇಲ್ಲಿ."

ನಾಯಿ ತಿರುಗಿ ನೋಡಲಿಲ್ಲ. ಅದರ ಕತ್ತು ನಿಧಾನವಾಗಿ ಮೇಲಕ್ಕೆ ಎದ್ದಿತು, ಒಳಗಿದ್ದವರು ಎದ್ದು ಮೇಲೆ ಬಂದರೋ ಎಂಬಂತೆ. ಆಮೇಲೆ ಅದು ಮಂಜಿನಲ್ಲಿ ಯಾರನ್ನೋ ಕಳಿಸಿಕೊಡುವ ಹಾಗೆ ನಾಲ್ಕು ಹೆಜ್ಜೆ ಹೋಗಿ, ನಿಂತು, ವಾಪಸು ಬಂತು.

ಇಡೀ ದಿನ ಆಮೋಸನಿಗೆ ಚಳಿ ಬಿಡಲಿಲ್ಲ. ಪ್ರಾರ್ಥನೆಯಲ್ಲಿ ನಿತ್ಯಜೀವದ ಮಾತು ಬಂದಾಗ ಬಾಯಿ ಆಡಿಸಿದ, ದನಿ ಹೊರಡಲಿಲ್ಲ.

ಮೂರನೆಯ ಬೆಳಿಗ್ಗೆ ಅವನು ಬಟ್ಟೆಬರೆ ಗಂಟು ಕಟ್ಟಿಕೊಂಡ. ಮೊದಲ ಹರಿಗೋಲಿನಲ್ಲಿ ಹೊಳೆ ದಾಟಿ ಎಲ್ಲಿಗಾದರೂ ಹೋಗಿಬಿಡುವುದೆಂದು ಹೊರಟ. ಅಂಗಳದಲ್ಲಿ ಬರ್ನಬಯ್ಯನವರು ಕಂಬಳಿ ಹೊದ್ದು ಕೂತಿದ್ದರು.

"ಗಂಟು ದೊಡ್ಡದಾಗಿದೆ" ಎಂದರು.

ಆಮೋಸನಿಗೆ ಸುಳ್ಳು ಹೇಳಲು ಬರಲಿಲ್ಲ. ಗಂಟನ್ನು ಕೆಳಗಿಟ್ಟು ಎಲ್ಲವನ್ನೂ ಹೇಳಿದ. ಗಳದ ಅಳತೆ, ಹಸಿಮಣ್ಣಿನ ಗುರುತು, ನಾಯಿಯ ಬಾಲ.

"ಅದು ನನ್ನದೇ ಗುಂಡಿ ಅಯ್ಯನೋರೆ. ನಂಗೆ ಭಯ."

"ಸಾಯೋಕಾ?"

"ಸತ್ತ ಮೇಲೆ ಏನೋ ಅಂತ. ದೇವರ ರಕ್ಷಣೆ ಸಿಕ್ಕಿದವನಿಗೆ ಭಯ ಇರಬಾರದು. ನಂಗಿದೆ. ಅಂದ್ರೆ ನಂಗೆ ಸಿಕ್ಕಿಲ್ಲ. ಎಷ್ಟೋ ಜನಕ್ಕೆ ಜಾಗ ಇದೆ ಅಂತ ಹೇಳಿ ಕಳಿಸಿದೆ. ನಂಗೆ ಇಲ್ಲ."

ಗುರುಗಳು ಕಂಬಳಿಯನ್ನು ಹೆಗಲಿಗೆ ಎಳೆದುಕೊಂಡರು.

"ರಾಹೇಲಮ್ಮ ಸಾಯ್ತಾರೆ ಅಂತ ನಿಂಗೆ ಎಷ್ಟು ಖಾತ್ರಿ ಇತ್ತು?"

"ಪೂರ್ತಿ ಇತ್ತು."

"ಏನಾಯ್ತು?"

"ಗಂಜಿ ಕುಡಿದ್ರು."

"ನಿನ್ನ ಖಾತ್ರಿಯಿಂದ ಒಬ್ಬ ಮುದುಕಿ ಸಾಯಲಿಲ್ಲ. ನಿನ್ನ ಅನುಮಾನದಿಂದ ಪರಲೋಕ ಬಾಗಿಲು ಹಾಕ್ಕೊಳ್ಳುತ್ತಾ?"

ಮಾತು ಚೆನ್ನಾಗಿತ್ತು, ಆಮೋಸನ ಭಯ ಮಾತ್ರ ಇದ್ದಲ್ಲೇ ಇತ್ತು.

"ಬಾ, ನೋಡೋಣ" ಎಂದು ಬರ್ನಬಯ್ಯನವರು ಕೋಲೂರಿಕೊಂಡು ಎದ್ದರು.

ಮಂಜು ಅವತ್ತು ಇನ್ನೂ ದಟ್ಟವಾಗಿತ್ತು. ಹೊಳೆಯ ಸದ್ದು ಕೂಡ ಕೇಳಿಸುತ್ತಿರಲಿಲ್ಲ. ಸಮಾಧಿಗಳ ಶಿಲುಬೆಗಳು ಹತ್ತಿರ ಹೋದಾಗ ಮಾತ್ರ ಒಂದೊಂದಾಗಿ ಕಾಣಿಸಿಕೊಂಡು, ದಾಟಿದ ಮೇಲೆ ಇಲ್ಲವಾಗುತ್ತಿದ್ದವು.

ಗುಂಡಿಯಲ್ಲಿ ಗುರುತು ಇತ್ತು.

ಗುರುಗಳು ಬಗ್ಗಿ ಬಹಳ ಹೊತ್ತು ನೋಡಿದರು. ಅವರ ಮುಖದಲ್ಲಿ ಅಚ್ಚರಿ ಇರಲಿಲ್ಲ. ದೂರದ ಊರಿನಿಂದ ಬಂದ ನೆಂಟರ ಚಪ್ಪಲಿ ಬಾಗಿಲಲ್ಲಿ ಕಂಡವರ ಹಾಗಿದ್ದರು.

"ಇಳಿ" ಎಂದರು.

"ಅಯ್ಯನೋರೆ."

"ಇಳಿಯಪ್ಪಾ. ಇಳಿದು ಮಲಗು."

"ನನ್ನಿಂದ ಆಗಲ್ಲ."

"ಹರಿಗೋಲು ಬರೋಕೆ ಇನ್ನೂ ಹೊತ್ತಿದೆ. ಓಡಿಹೋಗೋದಿದ್ರೆ, ಯಾವುದರಿಂದ ಓಡ್ತಾ ಇದ್ದೀನಿ ಅಂತ ಒಂದು ಸಲ ನೋಡ್ಕೊಂಡು ಓಡು."

ಆಮೋಸ ಅಂಚು ಹಿಡಿದು, ಗೋಡೆಯಲ್ಲಿ ತಾನೇ ಮಾಡಿದ್ದ ಗೂಡುಗಳಲ್ಲಿ ಕಾಲಿಟ್ಟು ಇಳಿದ. ಕಣ್ಣು ಮುಚ್ಚಿಕೊಂಡು ಆ ಗುರುತಿನ ಮೇಲೆ ಅಂಗಾತ ಮಲಗಿದ.

ಹಿಮ್ಮಡಿ ಹಿಮ್ಮಡಿಯ ಗುಳಿಯಲ್ಲಿ ಕೂತಿತು. ಬೆನ್ನು ಬೆನ್ನಿನ ಜಾಗದಲ್ಲಿ, ತಲೆ ತಲೆಯ ಜಾಗದಲ್ಲಿ. ಮಣ್ಣು ತಣ್ಣಗೆ ಕೊರೆಯುತ್ತದೆಂದು ಅವನು ಹಲ್ಲು ಕಚ್ಚಿಕೊಂಡಿದ್ದ. ಕೊರೆಯಲಿಲ್ಲ.

ಅವನು ಕಣ್ಣು ಬಿಟ್ಟ. ಮೇಲೆ ಚಾಪೆಯಷ್ಟು ಬಿಳಿ ಮಂಜು. ಗುರುಗಳು ಕಾಣಿಸುತ್ತಿರಲಿಲ್ಲ.

"ಅಯ್ಯನೋರೆ, ಇದ್ದೀರಾ?"

"ಇದ್ದೀನಿ." ದನಿ ಬಹಳ ದೂರದಿಂದ ಬಂದ ಹಾಗಿತ್ತು.

"ಮಣ್ಣು ಬೆಚ್ಚಗಿದೆ."

"ಚಳಿಗಾಲದಲ್ಲಿ ಒಳ್ಳೇದೇ ಆಯ್ತು."

"ತಮಾಷೆಯಲ್ಲ. ಯಾರೋ ಈಗಷ್ಟೇ ಎದ್ದ ಹಾಸಿಗೆ ಥರ ಇದೆ."

"ಎದ್ದರು ಅಂತ ಹೆಂಗೆ ಹೇಳ್ತೀಯ? ಮಲಗಿದ್ದ ಗುರುತು ಅಂತಲೇ ತಾನೇ ಇಷ್ಟು ದಿನ ಹೆದರಿದ್ದು?"

ಆಮೋಸ ಉತ್ತರಕ್ಕಾಗಿ ಕೈಯಾಡಿಸಿದ. ಸೊಂಟದ ಎರಡೂ ಪಕ್ಕದಲ್ಲಿ ಅವನ ಅಂಗೈಗಳು ಎರಡು ಗುಳಿಗಳೊಳಗೆ ಇಳಿದವು. ಮೇಲಿನಿಂದ ನೋಡುವಾಗ ಅವು ಅವನ ಕಣ್ಣಿಗೆ ಬಿದ್ದಿರಲಿಲ್ಲ. ಬೆನ್ನಿನ ಗುರುತಿಗಿಂತ, ತಲೆಯ ಗುರುತಿಗಿಂತ ಅವು ಆಳವಾಗಿದ್ದವು. ಮಲಗಿದ್ದವರು ಎರಡೂ ಕೈಯನ್ನು ನೆಲಕ್ಕೆ ಊರಿ, ಮೈಯ ಭಾರವನ್ನೆಲ್ಲ ಅದರ ಮೇಲೆ ಹಾಕಿ ಮೇಲೆದ್ದಿದ್ದರು. ಅಂಗೈಯ ಅಡಿಯಲ್ಲಿ ಮಣ್ಣು ಇನ್ನೂ ಹೆಚ್ಚು ಬೆಚ್ಚಗಿತ್ತು.

ಅವನಿಗೆ ಅಳು ಬಂತು. ಯಾಕೆಂದು ಅವನಿಗೇ ತಿಳಿಯಲಿಲ್ಲ.

"ಕೈ ಊರಿದ ಗುರುತಿದೆ ಅಯ್ಯನೋರೆ."

"ಈಗ ಅಲ್ಲಿ ಯಾರಾದ್ರೂ ಇದ್ದಾರಾ?"

"ಇಲ್ಲ. ಎದ್ದು ಹೋಗಿದ್ದಾರೆ. ಇಲ್ಲಿ ಯಾರೂ ಇಲ್ಲ."

ಮೇಲೆ ನಾಯಿಯ ಉಸಿರು ಕೇಳಿಸಿತು. ಆಚೆ ಎಲ್ಲೋ ಹರಿಗೋಲಿನವನು ಕೂಗಿದ, ದಾಟುವವರು ಬರಬಹುದೆಂದು. ಆಮೋಸ ಅಲ್ಲಾಡಲಿಲ್ಲ. ಕೂಗು ಇನ್ನೊಮ್ಮೆ ಬಂದು ನಿಂತುಹೋಯಿತು.

ಬಹಳ ಹೊತ್ತಾದ ಮೇಲೆ ಅವನು ಕೇಳಿಯೇಬಿಟ್ಟ. ಐದು ವರ್ಷದಿಂದ ಗುರುಗಳನ್ನು ಕೇಳದೆ ಉಳಿಸಿಕೊಂಡಿದ್ದ ಪ್ರಶ್ನೆ ಅದೊಂದೇ.

"ಇಷ್ಟೆಲ್ಲ ಆದ್ರೂ ನಂಗೆ ಹೆದರಿಕೆ ಹೋಗ್ತಾ ಇಲ್ಲ. ಇದು ಇರೋ ತನಕ ನಂಗೆ ಅಲ್ಲಿ ಜಾಗ ಹೆಂಗೆ ಸಿಗುತ್ತೆ?"

ಮಂಜಿನಿಂದ ಬರ್ನಬಯ್ಯನವರ ದನಿ ಬಂತು. ಈ ಸಲ ಅದು ಕಿವಿಯ ಪಕ್ಕದಲ್ಲೇ ಇತ್ತು.

"ಹೆದರ್ಕೊಂಡೇ ಇರಪ್ಪಾ. ನಿಂಗಿಂತ ಮುಂಚೆ ಅಲ್ಲಿ ಮಲಗಿದಾತನೂ ಶಿಲುಬೆಗೆ ಏರೋ ಹಿಂದಿನ ರಾತ್ರಿ ಹೆದರಿ ಬೆವರಿದ್ದ. ಆದ್ರೂ ಎದ್ದು ಹೋದ."