ಬಣ್ಣದವರ ಬಾವಿ

ಸುಣಕಲ್ಲಹಾಳದ ಪಡುವಣ ಬರಡು ಮಡ್ಡಿಯ ಮೇಲೆ ಒಂದು ಬಾವಿಯಿದೆ. ಆಳ ಎಂಟಾಳು, ನೀರು ಬೊಗಸೆಯಷ್ಟೂ ಇಲ್ಲ. ಮಳೆಗಾಲದಲ್ಲಿ ನಿಂತದ್ದನ್ನೂ ಆ ನೆಲ ವಾರದೊಳಗೆ ಕುಡಿದುಬಿಡುತ್ತದೆ. ತೆಗೆದ ಮಣ್ಣು ಪಕ್ಕದಲ್ಲಿ ದಿಬ್ಬವಾಗಿ ನಿಂತಿದೆ. ಊರಿಗೆ ಬಂದವರು ಇಣುಕಿ ನೋಡಿ, ಇಷ್ಟು ಆಳ ಯಾರು ತೋಡಿದರು, ಏಕೆ ತೋಡಿದರು ಎಂದು ಕೇಳದೆ ಹೋಗುವುದಿಲ್ಲ. ಹಿರಿಯರ ಬಾಯಿಂದ ಬಂದದ್ದನ್ನು ಹೇಳುತ್ತೇನೆ. ನಿಜಾನಿಜ ಶಿವನೇ ಬಲ್ಲ.

ಹಿಂದೆ ಒಮ್ಮೆ, ದೇಸಾಯರ ಕಾಲದಲ್ಲಿ, 'ಬಣ್ಣದ' ಎಂಬ ಮನೆತನದವರು ಈ ಸೀಮೆಯಲ್ಲೆಲ್ಲ ಹೆಸರಾಗಿದ್ದರಂತೆ. ಅಡ್ಡಹೆಸರು ಒಂದೇ, ಕಸುಬು ಹಲವು. ಹಿರಿಯವ ಗಾಳೆಪ್ಪ ಬಣ್ಣದ ತೊಗಲುಗೊಂಬೆ ಆಡಿಸುವವ. ಚಿಕ್ಕಪ್ಪನ ಮಗ ಯಮನೂರಪ್ಪ ಬಣ್ಣದ ಬಯಲಾಟಕ್ಕೆ ಮದ್ದಳೆ ಹಿಡಿದರೆ ಮುದುಕರ ಕಾಲೂ ಸುಮ್ಮನಿರುತ್ತಿರಲಿಲ್ಲ. ಗಾಳೆಪ್ಪನ ತಮ್ಮ ಹುಲುಗಪ್ಪ ಬಣ್ಣದ ಹಗಲುವೇಷದವ. ಒಂದು ಊರಿನಲ್ಲಿ ಐದು ದಿನ, ದಿನಕ್ಕೊಂದು ವೇಷ. ಮುಖದ ಮೇಲೆ ಬಣ್ಣ ಇರುವವರೆಗೆ ತೊಟ್ಟ ವೇಷದಂತೆಯೇ ನಡೆ, ವೇಷದಂತೆಯೇ ನುಡಿ. ಆರನೆಯ ದಿನ ಬರಿಮುಖದಲ್ಲಿ ಮನೆಮನೆಗೆ ಹೋಗಿ, "ಬಂದಾಂವ ನಾನೇ ತಾಯಿ, ತಪ್ಪಾಗಿದ್ರ ಹೊಟ್ಟ್ಯಾಗ ಹಾಕ್ಕೊಳ್ರಿ" ಎಂದು ಕೈಮುಗಿದು ಕಾಳು ಪಡೆಯಬೇಕು. ಅದಾಗದೆ ಊರು ಬಿಡಬಾರದೆಂಬುದು ಮನೆತನದ ಕಟ್ಟಳೆ.

ಸುಣಕಲ್ಲಹಾಳದಲ್ಲಿ ಐದನೆಯ ದಿನ ಹುಲುಗಪ್ಪ ಸಿದ್ಧನ ವೇಷ ತೊಟ್ಟಿದ್ದ. ಮಡ್ಡಿಯ ಹಾದಿಯಲ್ಲಿ ಸಂಕವ್ವನೆಂಬ ವಿಧವೆ ಅವನ ಕಾಲಿಗೆ ಬಿದ್ದಳು. ಪರವೂರಿನಲ್ಲಿದ್ದು ಅಂದೇ ಮರಳಿದವಳು ಅವಳು. ಹಿಂದಿನ ವೇಷಗಳನ್ನು ಕಂಡಿರಲಿಲ್ಲ. ದೂರದ ಹಳ್ಳದಿಂದ ನೀರು ತರುವಾಗ ಅವಳ ಬಸುರಿ ಸೊಸೆ ಜಾರಿ ಬಿದ್ದು ತೀರಿಕೊಂಡು ತಿಂಗಳಾಗಿತ್ತು. "ಅಪ್ಪಾ, ನಮ್ಮೂರಾಗ ಗಂಗವ್ವ ಎಲ್ಲಿ ಅದಾಳ, ತೋರ್ಸು" ಎಂದಳು. ಸಿದ್ಧನಾದವನು ತಿಳಿಯದು ಎನ್ನುವುದುಂಟೆ? ಹುಲುಗಪ್ಪ ಕಾಲ ಬುಡದಲ್ಲೇ ಬೆತ್ತ ಊರಿ, "ಇಲ್ಲೇ ತೋಡು ಮಗಳೇ" ಎಂದುಬಿಟ್ಟ. ನಾಳೆ ಬರಿಮುಖದಲ್ಲಿ ಹೋದಾಗ ಹೇಳಿದರಾಯಿತು ಎಂದುಕೊಂಡ. ಆದರೆ ಸಂಜೆಗೆ ದೇಸಾಯರ ವಾಡೆಯಿಂದ ಕರೆ ಬಂತು. ಆರನೆಯ ದಿನದ ಬೆಳಗಿಗೆ ಅವನು ಊರಿನಲ್ಲಿರಲಿಲ್ಲ.

ಮರುವರ್ಷ ಅಣ್ಣನ ಗೊಂಬೆಪೆಟ್ಟಿಗೆ ಹೇರಿದ ಕತ್ತೆಯನ್ನು ಹೊಡೆದುಕೊಂಡು ಅಣ್ಣತಮ್ಮಂದಿರು ಅದೇ ಹಾದಿಯಲ್ಲಿ ಬಂದರು. ಮಡ್ಡಿಯಲ್ಲಿ ಮೂರಾಳಿನ ಗುಂಡಿ, ಒಳಗೆ ಸಂಕವ್ವ. ಇಣುಕಿದ ಹುಲುಗಪ್ಪನನ್ನು ಹಾದಿಹೋಕನೆಂದು ಬಗೆದು ಅವಳೇ ನಕ್ಕಳು: "ಊರಾಗಿನ ಮಂದಿ ಅದು ವೇಷ, ನೀ ಹುಚ್ಚಿ ಅಂತಾರ. ಸಿದ್ಧ ಹೇಳ್ಯಾನಪ್ಪಾ, ಸುಳ್ಳಾದೀತೇನು?" ಅವಳ ಒಡೆದ ಅಂಗೈಗೆ ಚಿಂದಿ ಸುತ್ತಿತ್ತು. ಹುಲುಗಪ್ಪ ಹಿಂದೆ ಸರಿದು ಅಣ್ಣನಿಗೆ ನಡೆದದ್ದನ್ನೆಲ್ಲ ಹೇಳಿದ.

ಗಾಳೆಪ್ಪ ಅದನ್ನು ಕೇಳಿ, "ಮತ್ತ ಸಿದ್ಧನಾಗಿ ಬಾರಲೇ. 'ಸಾಕು ಮಗಳೇ, ಗಂಗವ್ವ ಮುನಿದಾಳ' ಅಂದ್ರ ಮುಗೀತು. ಐದು ದಿನ ಬಾಯಿ ಹರಕೊಳ್ಳಾಂವಗ ಒಂದು ಮಾತು ಭಾರವೇನು?" ಎಂದು ಕುಟುಕಿದ. ಹುಲುಗಪ್ಪ ಬಣ್ಣದ ಗಂಟು ಬಿಚ್ಚಿದ್ದೂ ನಿಜವಂತೆ. ಮುಖಕ್ಕೆ ಬಳಿಯುವ ಅರದಾಳವನ್ನು ಕಲ್ಲಿಗೆ ಹಾಕಿ ತೇಯುತ್ತ ಕುಳಿತವನಿಗೆ ಆ ಚಿಂದಿ ಸುತ್ತಿದ ಕೈ ಕಣ್ಣಿಗೆ ಕಟ್ಟಿತು. ಕಲ್ಲನ್ನು ಬದಿಗಿಟ್ಟು, ಬರಿಮುಖದಲ್ಲೇ ಹೋಗಿ ಗುಂಡಿಗಿಳಿದ.

"ಅವ್ವಾ, ಆ ಸಿದ್ಧ ನಾನೇ. ಹೊಟ್ಟೆಪಾಡಿನ ವೇಷ. ನನಗೇನೂ ಗೊತ್ತಿದ್ದಿಲ್ಲ."

ಸಂಕವ್ವ ಬೈಯಲಿಲ್ಲ. ಗುದ್ದಲಿಯನ್ನು ಅವನ ಕೈಗಿಟ್ಟು ಮೇಲೆ ಹತ್ತಿದಳು. "ಇಷ್ಟು ದಿನ ಸಿದ್ಧನ ಮಾತಿಗೆ ನಾ ತೋಡಿದೆ. ಇನ್ನ ನಿನ್ನ ಮಾತಿಗೆ ನೀ ತೋಡು" ಎಂದು ದಡದಲ್ಲಿ ಕುಳಿತಳು.

ಹುಲುಗಪ್ಪ ಮತ್ತೆ ಮುಖಕ್ಕೆ ಬಣ್ಣ ಮುಟ್ಟಿಸಲಿಲ್ಲ ಎನ್ನುತ್ತಾರೆ. ಹನ್ನೊಂದು ವರ್ಷ ತೋಡಿದ. ಮೂರನೆಯ ವರ್ಷದಿಂದ ಸಂಕವ್ವ ಮಧ್ಯಾಹ್ನಕ್ಕೊಂದು ರೊಟ್ಟಿಯನ್ನು ಹಗ್ಗದಲ್ಲಿ ಇಳಿಬಿಡುತ್ತಿದ್ದಳು; 'ಹೋಗಲಿ ಬಿಡಪ್ಪಾ' ಎಂಬ ಒಂದು ಮಾತನ್ನು ಮಾತ್ರ ಸಾಯುವವರೆಗೂ ಆಡಲಿಲ್ಲ. ಅವಳು ಹೋದ ಮೇಲೂ ಅವನು ನಿಲ್ಲಿಸಲಿಲ್ಲ. ಕಡೆಗೆ ಕೈ ಸೋತಾಗ ಗಾಳೆಪ್ಪ, ಯಮನೂರಪ್ಪರನ್ನು ಕರೆದು, "ಮಾತು ನನ್ನದಾದರೂ ಆಡಿದ್ದು ನಮ್ಮ ಮನೆತನದ ಬಾಯಿ" ಎಂದಷ್ಟೇ ಹೇಳಿದನಂತೆ. ಕುಟುಕು ಮಾತಿನ ಗಾಳೆಪ್ಪ ಅಂದು ಗುದ್ದಲಿ ಎತ್ತಿಕೊಂಡ.

ಇಂದಿಗೂ ಬಣ್ಣದ ಮನೆತನದವರು ಮೊದಲ ಬಾರಿ ಮಂದಿಯ ಮುಂದೆ ನಿಲ್ಲುವ ಮೊದಲು ಇಲ್ಲಿಗೆ ಬಂದು ಒಂದು ಪುಟ್ಟಿ ಮಣ್ಣು ತೆಗೆಯುತ್ತಾರೆ. ನಾಟಕ ಕಂಪನಿಯ ಹಾಸ್ಯಗಾರ, ಮದುವೆ ಬ್ಯಾಂಡಿನ ಕ್ಲಾರಿಯೋನೆಟ್‌ನವ, ಶಾಲೆಶಾಲೆ ತಿರುಗುವ ಜಾದೂಗಾರ, ಯಾರಾದರೂ ಸರಿ. ಹೋದ ಮಾಘದಲ್ಲಿ ಆರ್ಕೆಸ್ಟ್ರಾ ಸೇರಲಿದ್ದ ಆ ಮನೆತನದ ಹುಡುಗಿಯೊಬ್ಬಳು ಸೀರೆ ಎತ್ತಿಕಟ್ಟಿ ಇಳಿದು, ಪುಟ್ಟಿ ಹೊತ್ತು ಮೇಲೆ ಬಂದಳು. ನೋಡಲು ಬಂದ ಮುದುಕರೊಬ್ಬರು, "ನೀರು ಕಾಣಿಸ್ತೇನು ತಂಗೀ?" ಎಂದರು.

"ಇನ್ನೂ ಇಲ್ರೀ ಅಜ್ಜಾ" ಎಂದು, ತಪ್ಪು ತನ್ನದೇ ಎಂಬಂತೆ ತಲೆ ತಗ್ಗಿಸಿ, ಮಣ್ಣನ್ನು ದಿಬ್ಬದ ಮೇಲೆ ಸುರಿದಳು.