ಏರಿಯ ಮಣ್ಣು

“ಗುರುಗಳೇ, ಒಳ್ಳೆಯ ಕೆಲಸ ಮಾಡುವಾಗಲೂ ಮನಸ್ಸು ಯಾಕೆ ನಿಲ್ಲುವುದಿಲ್ಲ?” ಎಂದು ಶಿಷ್ಯ ಕೇಳಿದ.

ಅವನ ಹೆಸರು ಶಾಂತವೀರ. ಶಿಕ್ಷಕರನ್ನು ತಯಾರು ಮಾಡುವ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ. ಬಂದಾಗಿನಿಂದ ಅವನು ಒಂದು ಕಡೆ ಕೂತಿರಲಿಲ್ಲ.

“ಯಾವ ಕೆಲಸ?” ಎಂದರು ಗುರುಗಳು.

“ಈಚೆಗೆ ನಮ್ಮಲ್ಲಿ ಓದು ಮುಗಿಸಿ ಹೋದವರಲ್ಲಿ ಸಾಧನೆ ಮಾಡಿದವರನ್ನು ಕರೆಸಿ ಸನ್ಮಾನಿಸುತ್ತಿದ್ದೇವೆ. ಆರಿಸುವ ಹೊಣೆ ನನ್ನದು. ಆರಿಸಿದ್ದೇನೆ. ಎಲ್ಲರೂ ಯೋಗ್ಯರೇ. ಆದರೆ ಅವರ ಜೊತೆಗೇ ಓದಿದವನೊಬ್ಬನಿದ್ದಾನೆ. ಶಾಲೆಗೆ ಸೇರಿ ವರ್ಷ ತುಂಬುವ ಮೊದಲೇ ಕೆಲಸ ಬಿಟ್ಟು ಬಂದ. ಇಲ್ಲಿ ಕಲಿತದ್ದು ಆ ಮಕ್ಕಳ ಮುಂದೆ ನಡೆಯಲಿಲ್ಲ, ಯಾಕೆಂದು ನನ್ನನ್ನು ಕೇಳಬೇಕು ಎಂದು ನನ್ನ ಮನೆಯವರೆಗೂ ಬಂದ. ಸಮಾರಂಭ ಮುಗಿಯಲಿ, ಆಮೇಲೆ ಬಾ ಎಂದು ಕಳಿಸಿದೆ. ಅಂದಿನಿಂದ ಹೀಗೆ.”

ಗುರುಗಳು ಕೂರುವಂತೆ ಕೈ ತೋರಿಸಿದರು. ಅವನು ಕೂತ ಮೇಲೆ ಹೇಳತೊಡಗಿದರು.

ಕೆಂಪು ಮಣ್ಣಿನ ಸೀಮೆಯಲ್ಲಿ ಒಬ್ಬ ಆಚಾರ್ಯನಿದ್ದ. ಅವನು ಕೆರೆ ಕಟ್ಟುವ ವಿದ್ಯೆ ಕಲಿಸುತ್ತಿದ್ದ. ಅವನಲ್ಲಿ ಕಲಿತವರು ದೂರದೂರದ ಊರುಗಳಿಗೆ ಹೋಗಿ ಕೆರೆ ಕಟ್ಟುತ್ತಿದ್ದರು. ಬೇಸಿಗೆ ಮುಗಿದು ಮಳೆ ಇನ್ನೂ ಬರದ ದಿನಗಳಲ್ಲಿ, ಹೊಸದಾಗಿ ಕೆರೆ ಕಟ್ಟಿದ ಶಿಷ್ಯರನ್ನು ಆಚಾರ್ಯ ಕರೆಸುತ್ತಿದ್ದ. ಪ್ರತಿಯೊಬ್ಬನೂ ತನ್ನ ಕೆರೆಯಿಂದ ಒಂದು ತಂಬಿಗೆ ನೀರು ತರಬೇಕು. ಅದನ್ನು ಅಂಗಳದ ಕಲ್ಲುತೊಟ್ಟಿಗೆ ಸುರಿಯಬೇಕು. ಆಗ ಅವನಿಗೆ ಹಾರ ಹಾಕುತ್ತಿದ್ದರು. ಅವನ ಕೆರೆಯ ಊರಿನವರು ಎದ್ದು ನಿಂತು ನಾಲ್ಕು ಮಾತಾಡುತ್ತಿದ್ದರು.

ಒಂದು ವರ್ಷ ಹಾಗೆ ಸಮಾರಂಭ ನಡೆಯುತ್ತಿದ್ದಾಗ ಕರೆಯದ ಶಿಷ್ಯನೊಬ್ಬ ಬಂದ. ಅವನ ಕೆರೆ ಒಡೆದ ಸುದ್ದಿ ಮೊದಲೇ ಬಂದಿತ್ತು. ಅದಕ್ಕೇ ಅವನಿಗೆ ಕರೆ ಹೋಗಿರಲಿಲ್ಲ. ಅವನ ಕೈಯಲ್ಲಿ ಒಂದು ಬಟ್ಟೆಯ ಗಂಟಿತ್ತು.

ಬಾಗಿಲಲ್ಲಿದ್ದ ಹಿರಿಯ ಶಿಷ್ಯ ತಡೆದ. “ತಂಬಿಗೆ ಎಲ್ಲಯ್ಯ?”

“ನೀರಿಲ್ಲ. ಏರಿಯ ಮಣ್ಣು ತಂದಿದ್ದೇನೆ.”

“ಹಾರ ಹಾಕುವ ಮನೆಗೆ ಮಣ್ಣು ಹೊತ್ತುಕೊಂಡು ಬಂದವನು ನೀನೇ ಮೊದಲು. ಆ ಜಗಲಿಯ ಮೇಲೆ ಕೂತಿರು. ಊಟವಾದ ಮೇಲೆ ಕರೆಯುತ್ತೇನೆ.”

“ಆಚಾರ್ಯರಿಗೆ ಒಂದು ಮಾತು ತಿಳಿಸಿ ಅಣ್ಣ. ತುರ್ತಿದೆ.”

“ಒಡೆದ ಕೆರೆಗೆ ಇನ್ನೇನಪ್ಪ ತುರ್ತು?” ಎಂದು ಹಿರಿಯ ಶಿಷ್ಯ ನಕ್ಕ.

ಅವನು ಕೂತ. ಒಳಗೆ ಒಬ್ಬೊಬ್ಬರಾಗಿ ನೀರು ಸುರಿದರು. ಊರಿನವರು ಹೊಗಳಿದರು. ಹೊಗಳಿಕೆ ಬೆಳೆಯಿತು. ಹೊರಗೆ ಅವನು ಏಳುವುದು, ಬಾಗಿಲಲ್ಲಿ ಇಣುಕುವುದು, ಮತ್ತೆ ಬಂದು ಕೂರುವುದು ನಡೆದೇ ಇತ್ತು. ಬಿಸಿಲು ಜಗಲಿಗೆ ಬಂತು. ಅವನು ಗಂಟನ್ನು ನೆರಳಿಗೆ ಸರಿಸಿಕೊಂಡ.

ಎಲೆ ಹಾಕುವ ಹೊತ್ತಿಗೆ ಆಚಾರ್ಯ ಕೈ ತೊಳೆಯಲು ಹೊರಗೆ ಬಂದ. ಅವನನ್ನು ನೋಡಿದ.

“ಯಾವಾಗ ಬಂದೆ?”

“ಬೆಳಿಗ್ಗೆಯೇ ಬಂದೆ, ಆಚಾರ್ಯರೇ. ಅಕಾಲದಲ್ಲಿ ಒಂದು ದೊಡ್ಡ ಮಳೆ ಬಿತ್ತು. ಏರಿ ನಡುವೆ ಸೀಳಿತು. ಕೆಳಗೆ ಮನೆಗಳಿರಲಿಲ್ಲ, ಹೊಲ ಕೊಚ್ಚಿಹೋಯಿತು. ನೀವು ಹೇಳಿದಂತೆಯೇ ಪದರ ಪದರವಾಗಿ ಮಣ್ಣು ಹಾಕಿದ್ದೆ, ನೀರು ಚಿಮುಕಿಸಿದ್ದೆ, ಎತ್ತು ಕಟ್ಟಿ ತುಳಿಸಿದ್ದೆ. ಎಲ್ಲಿ ತಪ್ಪಿದೆ ಹೇಳಿ. ನಾನು ಅದನ್ನು ಮತ್ತೆ ಕಟ್ಟಬೇಕು.”

ಆಚಾರ್ಯ ಗಂಟು ಬಿಚ್ಚಿದ. ಒಳಗೆ ಕಪ್ಪು ಹೆಂಟೆಗಳಿದ್ದವು. ಒಂದನ್ನು ಕೈಗೆ ತೆಗೆದುಕೊಂಡ. ಅದು ಕಲ್ಲಿನಂತೆ ಗಟ್ಟಿಯಾಗಿತ್ತು, ಮೈತುಂಬ ಬಿರುಕು ಬಿಟ್ಟಿತ್ತು. ಹಿಡಿದು ಒತ್ತಿದ. ಬಿರುಕಿನ ಗುಂಟ ಎರಡಾಯಿತು.

“ಇದು ಎಲ್ಲಿಯ ಮಣ್ಣು?”

“ಅಲ್ಲಿಯದೇ. ಕೆರೆಯ ಒಡಲಿನ ಮಣ್ಣಿನಿಂದಲೇ ಏರಿ ಕಟ್ಟಬೇಕು ಎಂದು ನೀವೇ ಕಲಿಸಿದ್ದಿರಿ.”

ಆಚಾರ್ಯ ಹಾಗೆಯೇ ಕಲಿಸಿದ್ದ. ಕೆಂಪು ಮಣ್ಣಿಗೆ ಆ ಮಾತು ಸರಿ. ಇಂಥ ಕಪ್ಪು ಎರೆಮಣ್ಣಿನ ಸೀಮೆಯಲ್ಲಿ ಅವನು ಎಂದೂ ಕೆರೆ ಕಟ್ಟಿರಲಿಲ್ಲ. ಎರೆಮಣ್ಣು ನೀರಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ. ಬಿರಿದ ಏರಿಯ ಮೇಲೆ ಜೋರು ಮಳೆ ಬಿದ್ದರೆ ನೀರು ಅದರ ಹೊಟ್ಟೆಯೊಳಗೇ ಇಳಿಯುತ್ತದೆ.

ಅವನು ಹೆಂಟೆ ಹಿಡಿದುಕೊಂಡೇ ಒಳಗೆ ಹೋದ. ಸನ್ಮಾನಿತರು ಎಲೆಯ ಮುಂದೆ ಕೂತಿದ್ದರು.

“ನಿಮ್ಮಲ್ಲಿ ಯಾರು ಯಾರು ಇಂಥ ಮಣ್ಣಿನ ಏರಿ ಕಟ್ಟಿದ್ದೀರಿ?”

ಮೂವರು ಕೈ ಎತ್ತಿದರು. ಇನ್ನೊಂದು ಹೊಗಳಿಕೆ ಇರಬೇಕು ಎಂದುಕೊಂಡು ಮುಗುಳ್ನಗುತ್ತಲೇ ಎತ್ತಿದರು.

“ಕೆಳಗೆ ಮನೆಗಳಿವೆಯೇ?”

“ಇವೆ. ನೀರು ಬಂತು ಎಂದು ಊರೇ ಏರಿಯ ಕೆಳಕ್ಕೆ ಬಂದು ನೆಲೆಸಿದೆ,” ಎಂದ ಒಬ್ಬ. ಅದನ್ನೂ ಹೆಮ್ಮೆಯಿಂದಲೇ ಹೇಳಿದ.

“ಹಾರ ತೆಗೆಯಿರಿ. ಈಗಲೇ ಹೊರಡಿ. ಹೋದವರೇ ತೂಬು ತೆರೆದು ಕೆರೆ ಖಾಲಿ ಮಾಡಿ. ಏರಿಯ ಕೆಳಗಿನವರನ್ನು ದಿಬ್ಬಕ್ಕೆ ಕಳಿಸಿ. ಬಿರುಕು ಅಗೆದು ತುಂಬಿ. ಮೇಲೆ ಗರಸು ಮಣ್ಣಿನ ದಪ್ಪ ಹೊದಿಕೆ ಹಾಕಿ.”

“ಎಲೆಯ ಮುಂದೆ ಕೂತವರನ್ನು ಎಬ್ಬಿಸಬಹುದೇ ಆಚಾರ್ಯರೇ? ಒಂದು ತುತ್ತು ಉಂಡು...” ಎಂದ ಹಿರಿಯ ಶಿಷ್ಯ.

ಆಚಾರ್ಯ ಬಾಗಿಲ ಕಡೆ ನೋಡಿದ. ಆಚೆ ದಿಗಂತದಲ್ಲಿ ಮೋಡ ಕಟ್ಟಿತ್ತು. ಮೂವರೂ ಅದನ್ನು ನೋಡಿದರು. ಒಬ್ಬ ಹಾರ ತೆಗೆಯುವುದನ್ನೂ ಮರೆತು ಓಡಿದ. ಒಡೆದ ಕೆರೆಯವನು ಹೊರಗೆ ನಿಂತೇ ಇದ್ದ. ಆಚಾರ್ಯ ಅವನ ಕೈ ಹಿಡಿದು ಒಳಗೆ ಕರೆತಂದ. ತನ್ನ ಪೀಠದ ಮೇಲೆ ಕೂರಿಸಿದ. ತಾನು ನೆಲದ ಮೇಲೆ ಕೂತು, ಏರಿ ಯಾವ ಕಡೆಯಿಂದ ಮೊದಲು ಬಿರಿಯಿತು, ಎಷ್ಟು ಆಳಕ್ಕೆ ಬಿರಿಯಿತು ಎಂದು ಕೇಳತೊಡಗಿದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಶಾಂತವೀರ ಎದ್ದು ನಿಂತ.

“ಆ ಮೂವರು ಮಳೆಗೆ ಮುಂಚೆ ತಲುಪಿದರೇ, ಗುರುಗಳೇ?”

“ಇಬ್ಬರು ತಲುಪಿದರು. ಮೂರನೆಯವನಿಗೆ ತಡವಾಯಿತು, ಆ ಜಗಲಿಯ ಮೇಲೆ ಒಬ್ಬನನ್ನು ಕಾಯಿಸಿದಷ್ಟೇ ಹೊತ್ತು.”